ಪಥ್ಯ ತಪ್ಪಿದ ಮೇಲೆ

ಪಥ್ಯ ಹಿಡಿಯುವುದು ಹೇಗೆಂದು ಹೇಳುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಹಿಡಿದ ಪಥ್ಯ ತಪ್ಪಿದ ಮೇಲೆ ಏನು ಮಾಡಬೇಕೆಂದು ಹೇಳುವವರು ಬಹಳ ಕಡಮೆ. ಪಥ್ಯ ಹಿಡಿದವರಲ್ಲಿ ಒಂದಲ್ಲ ಒಂದು ದಿನ ತಪ್ಪದವರು ಯಾರಿದ್ದಾರೆ? ಹೀಗಿರುವಲ್ಲಿ ಈ ಎರಡನೆಯ ವಿದ್ಯೆಯೇ ನಮಗೆ ಹೆಚ್ಚು ಅವಶ್ಯಕವೆಂದು ತೋರುತ್ತದೆ. ಅದನ್ನು ನಾನು ತಪ್ಪಿಯೇ ಕಲಿತೆನು. ಕಲಿತದ್ದನ್ನು ನಮ್ಮ ವಾರ್ಷಿಕ ಸಂಚಿಕೆಯ ವಾಚಕರ ಮುಂದಿಡಬೇಕೆಂದು ಸಂಪಾದಕ ಮಿತ್ರರು ಒತ್ತಾಯ ಮಾಡಿದುದರಿಂದ ಈ ನಾಲ್ಕು ಮಾತು ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ಈ ಕಾಲೇಜಿನಲ್ಲಿ ಇತಿಹಾಸ ಹೇಳುವವನು. ವಾಚಕರು ಇದನ್ನು ಮೊದಲಿಗೇ ನೆನಪಿನಲ್ಲಿಟ್ಟುಕೊಳ್ಳಬೇಕು.

೨೦೨೩ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ, ನನ್ನ ನಲವತ್ತಾರನೆಯ ವಯಸ್ಸಿನಲ್ಲಿ, ನನಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಯಿತು. ಜನರು ಮೂರು ತಿಂಗಳ ಶುಗರ್ ಟೆಸ್ಟ್ ಎಂದು ಕರೆಯುವ ಪರೀಕ್ಷೆಯೊಂದಿದೆ. ರಕ್ತದ ಕೆಂಪು ಕಣಗಳಿಗೆ ಎಷ್ಟು ಸಕ್ಕರೆ ಅಂಟಿಕೊಂಡಿದೆ ಎಂಬುದನ್ನು ಅದು ಶೇಕಡಾ ಲೆಕ್ಕದಲ್ಲಿ ತಿಳಿಸುತ್ತದೆ. ೫.೭ಕ್ಕಿಂತ ಕಡಮೆಯಿದ್ದರೆ ಚಿಂತೆಯಿಲ್ಲ, ೬.೫ ಮುಟ್ಟಿದರೆ ಕಾಯಿಲೆ. ನನ್ನದು ೭.೮ ಇದ್ದಿತು. ತೂಕ ೮೪ ಕಿಲೋಗ್ರಾಂ. ಇದರಲ್ಲಿ ನಾನೇನೂ ಒಂಟಿಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಆಧಾರದ ಮೇಲೆ ೨೦೨೩ರಲ್ಲಿ ಪ್ರಕಟವಾದ ಲೆಕ್ಕದಂತೆ ನಮ್ಮ ದೇಶದಲ್ಲಿ ಈ ಕಾಯಿಲೆಯುಳ್ಳವರು ೧೦ ಕೋಟಿಗೂ ಹೆಚ್ಚು. ಆದರೂ ಆ ಕಾಗದವನ್ನು ಕೈಯಲ್ಲಿ ಹಿಡಿದಾಗ ನನಗೆ ನೆನಪಾದದ್ದು ಆ ಕೋಟಿಗಳಲ್ಲ, ನಮ್ಮ ತಂದೆಯವರ ಎಡಗಾಲು. ಅವರದು ಮೊದಲು ಹೆಬ್ಬೆರಳು ಹೋಯಿತು, ಆಮೇಲೆ ಅರ್ಧ ಪಾದ, ಕೊನೆಗೆ ಅವರೇ ಹೋದರು.

ವೈದ್ಯರು ಒಂದು ಬಗೆಯ ಮಾತ್ರೆ ಕೊಟ್ಟು, ಊಟದಲ್ಲಿ ಶರ್ಕರಪಿಷ್ಟವನ್ನು ಕಡಮೆ ಮಾಡುವಂತೆ ಹೇಳಿದರು. ಶರ್ಕರಪಿಷ್ಟವೆಂದರೆ ಕಾರ್ಬೋಹೈಡ್ರೇಟು: ಅಕ್ಕಿ, ರಾಗಿ, ಗೋಧಿ, ಆಲೂಗೆಡ್ಡೆ, ಸಕ್ಕರೆ, ಬೆಲ್ಲ ಮುಂತಾದವುಗಳಲ್ಲಿ ತುಂಬಿರುವ ವಸ್ತು. ದಿನಕ್ಕೆ ೧೩೦ ಗ್ರಾಮಿಗಿಂತ ಕಡಮೆ ತೆಗೆದುಕೊಂಡರೆ ಅದನ್ನು ಸಾಮಾನ್ಯವಾಗಿ ಕಡಮೆ ಶರ್ಕರಪಿಷ್ಟದ ಪಥ್ಯವೆನ್ನುತ್ತಾರೆ. ೫೦ ಗ್ರಾಮಿಗಿಂತಲೂ ಇಳಿದರೆ ಅದು ಬಹಳ ಕಠಿಣವಾದ ಪಥ್ಯ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು ೭೮ ಗ್ರಾಂ, ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು ೭೦ ಗ್ರಾಂ ಶರ್ಕರಪಿಷ್ಟವಿದೆ. ರಾಗಿಯಲ್ಲಿ ನಾರು, ಸುಣ್ಣಾಂಶ ಹೆಚ್ಚೆಂಬುದು ನಿಜ; ಆದರೆ ಮುದ್ದೆಗೆ ಸಕ್ಕರೆ ಏರುವುದೇ ಇಲ್ಲವೆಂಬ ನಮ್ಮ ಕಡೆಯ ನಂಬಿಕೆಗೆ ಆಧಾರವಿಲ್ಲ. ಬೆಲ್ಲಕ್ಕೂ ಇದೇ ಮಾತು.

ಈ ಪಥ್ಯ ಹೊಸದೆಂದು ಯಾರೂ ಭಾವಿಸಬಾರದು. ಲಂಡನ್ ನಗರದಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡುವ ಉದ್ಯೋಗದಲ್ಲಿದ್ದ ವಿಲಿಯಂ ಬ್ಯಾಂಟಿಂಗ್ ಎಂಬಾತನು ೧೮೬೨ರಲ್ಲಿ ೨೦೨ ಪೌಂಡು ತೂಗುತ್ತಿದ್ದನು. ಎತ್ತರ ಐದು ಅಡಿ ಐದು ಅಂಗುಲ. ಬಗ್ಗಿ ಬೂಟಿನ ದಾರ ಕಟ್ಟಲಾರದೆ, ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುತ್ತಿದ್ದನಂತೆ. ಕಿವಿ ಮಂದವಾಯಿತೆಂದು ಹಾರ್ವೆ ಎಂಬ ವೈದ್ಯನ ಬಳಿಗೆ ಹೋದಾಗ ಆ ವೈದ್ಯನು ಬ್ರೆಡ್ಡು, ಸಕ್ಕರೆ, ಬಿಯರು, ಆಲೂಗೆಡ್ಡೆಗಳನ್ನು ಬಿಡಿಸಿದನು. ಒಂದು ವರ್ಷದಲ್ಲಿ ೪೬ ಪೌಂಡು ಇಳಿಯಿತು. ೧೮೬೩ರಲ್ಲಿ ಬ್ಯಾಂಟಿಂಗನು ಈ ಅನುಭವವನ್ನು ಒಂದು ಕಿರುಹೊತ್ತಗೆಯಾಗಿ ಅಚ್ಚು ಹಾಕಿಸಿ ಹಂಚಿದನು. ಸ್ವೀಡನ್ ದೇಶದ ಭಾಷೆಯಲ್ಲಿ ಪಥ್ಯ ಮಾಡುವುದಕ್ಕೆ ಇಂದಿಗೂ ಆತನ ಹೆಸರಿನಿಂದ ಹುಟ್ಟಿದ ಮಾತೇ ಬಳಕೆಯಲ್ಲಿದೆ.

ನಾನು ಬ್ಯಾಂಟಿಂಗನಷ್ಟು ಶೂರನಲ್ಲದಿದ್ದರೂ ಆರು ತಿಂಗಳು ಚೆನ್ನಾಗಿಯೇ ನಡೆಸಿದೆನು. ಮುದ್ದೆ ನಿಂಬೆಹಣ್ಣಿನ ಗಾತ್ರಕ್ಕೆ ಇಳಿಯಿತು. ಸೊಪ್ಪಿನ ಪಲ್ಯ ತಟ್ಟೆಯ ಅರ್ಧವನ್ನು ಆಕ್ರಮಿಸಿತು. ಮೊಟ್ಟೆ, ಮೊಸರು, ಮೊಳಕೆ ಹೆಸರುಕಾಳು, ಒಂದು ಹಿಡಿ ಕಡಲೆಕಾಯಿ ಬೀಜ ನಿತ್ಯದ ಸಂಗಾತಿಗಳಾದವು. ೨೦೨೪ರ ಫೆಬ್ರವರಿಯ ಹೊತ್ತಿಗೆ ತೂಕ ೭೫ಕ್ಕೂ ಪರೀಕ್ಷೆಯ ಅಂಕಿ ೬.೩ಕ್ಕೂ ಇಳಿದವು. ಅಧ್ಯಾಪಕರ ಕೊಠಡಿಯಲ್ಲಿ ನಾಲ್ಕಾರು ಮಂದಿಗೆ ಉಪದೇಶ ಮಾಡುವಷ್ಟು ಹೆಮ್ಮೆಯೂ ಬಂದಿತು.

ಆಮೇಲೆ ಯುಗಾದಿ ಬಂದಿತು. ನಮ್ಮದು ಹಾಸನದ ಕಡೆಯ ಹಳ್ಳಿ. ಎಪ್ಪತ್ತೆಂಟು ವರ್ಷದ ನಮ್ಮ ಅವ್ವ ಬೆಳಗಿನ ಜಾವವೇ ಎದ್ದು ಹೂರಣ ರುಬ್ಬಿ ಒಬ್ಬಟ್ಟು ತಟ್ಟಿದ್ದಳು. ನಾನು ಬೇಡವೆಂದೆನು. ಅವಳು ತಟ್ಟೆಯನ್ನು ಹಿಡಿದುಕೊಂಡೇ ನಿಂತಳು. “ಒಂದ್ ತಿಂದ್ರೆ ಏನಾಯ್ತದೆ ಮಗ? ವರ್ಸಕ್ಕೊಂದು ಹಬ್ಬ” ಎಂದಳು. ತಿಂದೆನು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲವೆಂದು ಈಗ ನನಗೆ ಗೊತ್ತಾಗಿದೆ. ತಪ್ಪು ನಡೆದದ್ದು ಆ ಒಂದಾದ ಮೇಲೆ, ನನ್ನ ತಲೆಯೊಳಗೆ. ‘ಹೇಗೂ ಇವತ್ತಿನ ದಿನ ಕೆಟ್ಟಿತು’ ಎಂದುಕೊಂಡು ಇನ್ನೂ ಮೂರು ಒಬ್ಬಟ್ಟನ್ನು ತುಪ್ಪದೊಡನೆ ತಿಂದೆನು. ಅನ್ನಕ್ಕೆ ಒಬ್ಬಟ್ಟಿನ ಸಾರು ಎರಡು ಸಲ ಹಾಕಿಸಿಕೊಂಡೆನು. ಮಾರನೆಯ ದಿನ ವರ್ಷದ ತೊಡಕು, ಮಾಂಸದೂಟ. ಪಥ್ಯಕ್ಕೆ ಹಿಂದಿರುಗಲು ಹೇಳಿ ಮಾಡಿಸಿದಂಥ ದಿನ! ಆದರೆ ದೊಡ್ಡ ಮುದ್ದೆ ಎರಡು, ಉಳಿದ ಒಬ್ಬಟ್ಟು ಎರಡು. ಸೋಮವಾರದಿಂದ ಸರಿಯಾಗೋಣವೆಂದು ನಿಶ್ಚಯಿಸಿದೆನು. ಸೋಮವಾರ ಮದುವೆ ಮನೆ. ಆಮೇಲೆ ಮಾವಿನ ಕಾಲ. ಆಮೇಲೆ ಪರೀಕ್ಷೆ, ಮೌಲ್ಯಮಾಪನ, ಅದರ ಜೊತೆಗೆ ಹೊತ್ತು ಹೊತ್ತಿಗೆ ಸಕ್ಕರೆ ಹಾಕಿದ ಟೀ, ಬಿಸ್ಕತ್ತು, ಕ್ಯಾಂಟೀನಿನ ಚೌಚೌಬಾತು. ‘ಏನ್ ಸಾರ್, ಪಥ್ಯ ಮುಗೀತಾ?’ ಎಂದು ಮಿತ್ರರೊಬ್ಬರು ನಕ್ಕು ಕೇಳಿದ ದಿನದಿಂದ ನಾನು ಮರೆಯಲ್ಲಿ ತಿನ್ನತೊಡಗಿದೆನು. ನಾಳೆ ಎಂದವನ ಮನೆ ಹಾಳು ಎಂಬ ಗಾದೆಯನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದ ನಾನು ಹೀಗೆ ಐದು ತಿಂಗಳು ಕಳೆದೆನು.

ಈ ‘ಹೇಗೂ ಕೆಟ್ಟಿತು’ ಎಂಬ ಮಾತಿಗೆ ನಮ್ಮ ಹಿರಿಯರು ಬಹಳ ಹಿಂದೆಯೇ ಗಾದೆ ಕಟ್ಟಿದ್ದಾರೆ: ಮುಳುಗಿದವನಿಗೆ ಚಳಿಯೇನು, ಮಳೆಯೇನು. ಮನಶ್ಶಾಸ್ತ್ರಜ್ಞರು ಇದನ್ನು ಪ್ರಯೋಗ ಮಾಡಿಯೂ ನೋಡಿದ್ದಾರೆ. ಪೀಟರ್ ಹರ್ಮನ್, ಡೆಬೊರಾ ಮ್ಯಾಕ್ ಎಂಬಿಬ್ಬರು ೧೯೭೫ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕೆಲವು ವಿದ್ಯಾರ್ಥಿನಿಯರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ರುಚಿ ನೋಡುವ ನೆವದಲ್ಲಿ ಐಸ್‌ಕ್ರೀಮನ್ನು ಮುಂದಿಟ್ಟರು. ಇನ್ನು ಕೆಲವರಿಗೆ ಮಿಲ್ಕ್‌ಶೇಕ್ ಕೊಡದೆ ಐಸ್‌ಕ್ರೀಮನ್ನು ಮಾತ್ರ ಇಟ್ಟರು. ಊಟದ ವಿಷಯದಲ್ಲಿ ಕಟ್ಟುಪಾಡಿಲ್ಲದವರು ಮಿಲ್ಕ್‌ಶೇಕ್ ಕುಡಿದಿದ್ದರೆ ಐಸ್‌ಕ್ರೀಮನ್ನು ಕಡಮೆ ತಿಂದರು. ಹೊಟ್ಟೆ ತುಂಬಿದ ಮೇಲೆ ಅದು ಸಹಜವೇ. ಸದಾ ಹಿಡಿತದಲ್ಲಿ ತಿನ್ನುವ ಹುಡುಗಿಯರು ಮಾತ್ರ ಮಿಲ್ಕ್‌ಶೇಕ್ ಕುಡಿದ ಮೇಲೆಯೇ ಹೆಚ್ಚು ಐಸ್‌ಕ್ರೀಮು ತಿಂದರು. ಹಿಡಿತ ಒಮ್ಮೆ ಮುರಿಯಿತೆಂದು ಕಂಡೊಡನೆ ಅದನ್ನು ಕಾಯುವ ಅಗತ್ಯವೇ ಇಲ್ಲವೆಂದು ಮನಸ್ಸು ತೀರ್ಮಾನಿಸುತ್ತದೆ. ಅಮೆರಿಕದ ಅಲನ್ ಮಾರ್ಲಟ್ ಎಂಬ ವಿದ್ವಾಂಸರು ಕುಡಿತ ಬಿಟ್ಟವರನ್ನು ಕುರಿತು ಅಭ್ಯಾಸ ಮಾಡಿ, ಎಡವುವುದಕ್ಕೂ ಬೀಳುವುದಕ್ಕೂ ನಡುವೆ ಇರುವ ಅಂತರವನ್ನು ತೋರಿಸಿಕೊಟ್ಟರು. ಎಡವಿದಾಗ ‘ನನ್ನ ಸ್ವಭಾವವೇ ದುರ್ಬಲ’ ಎಂದುಕೊಂಡವನು ಮುಂದಕ್ಕೆ ಬೀಳುತ್ತಾನೆ. ‘ಇಂಥ ಸಂದರ್ಭಕ್ಕೆ ನಾನು ಸಿದ್ಧನಾಗಿರಲಿಲ್ಲ’ ಎಂದುಕೊಂಡವನು ಸಾವರಿಸಿಕೊಳ್ಳುತ್ತಾನೆ.

ಇನ್ನು ಒಂದು ಹಬ್ಬದೂಟದಿಂದ ದೇಹದಲ್ಲಿ ಆಗುವುದೇನು? ಇದನ್ನು ತಿಳಿದಿದ್ದರೆ ಆ ದಿನ ನಾನು ಅಷ್ಟು ಹೆದರುತ್ತಿರಲಿಲ್ಲ. ಪಿಷ್ಟವು ಹೊಟ್ಟೆಯಲ್ಲಿ ಕರಗಿ ಗ್ಲೂಕೋಸಾಗಿ ರಕ್ತಕ್ಕೆ ಸೇರುತ್ತದೆ. ಅದನ್ನು ಜೀವಕೋಶಗಳಿಗೆ ಸೇರಿಸಲು ನೆರವಾಗುವುದು ಮೇದೋಜೀರಕ ಗ್ರಂಥಿಯಿಂದ ಬರುವ ಇನ್ಸುಲಿನ್. ಕೂಡಲೇ ಖರ್ಚಾಗದ ಗ್ಲೂಕೋಸಿನಲ್ಲಿ ಒಂದು ಪಾಲು ಗ್ಲೈಕೋಜನ್ ಎಂಬ ರೂಪದಲ್ಲಿ ದಾಸ್ತಾನಾಗುತ್ತದೆ: ಯಕೃತ್ತಿನಲ್ಲಿ ಸುಮಾರು ೧೦೦ ಗ್ರಾಂ, ಮಾಂಸಖಂಡಗಳಲ್ಲಿ ಸುಮಾರು ೪೦೦ ಗ್ರಾಂ. ಈ ದಾಸ್ತಾನಿನ ಒಂದೊಂದು ಗ್ರಾಮೂ ತನ್ನೊಡನೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಡುತ್ತದೆ. ಪಥ್ಯ ಹಿಡಿದ ಮೊದಲ ವಾರದಲ್ಲಿ ತೂಕ ಸರಸರನೆ ಇಳಿಯುವುದಕ್ಕೆ ಮುಖ್ಯ ಕಾರಣ ಈ ದಾಸ್ತಾನು ಕರಗಿ ನೀರು ಹೊರಟುಹೋಗುವುದೇ. ಹಬ್ಬದ ಮಾರನೆಯ ಬೆಳಿಗ್ಗೆ ತಕ್ಕಡಿ ಒಂದೂವರೆ ಕಿಲೋ ಹೆಚ್ಚು ತೋರಿಸಿದರೆ ಅದೂ ಬಹುಪಾಲು ಹಿಂದಿರುಗಿದ ನೀರು. ಒಂದು ಕಿಲೋ ಕೊಬ್ಬು ಮೈಗೆ ಹತ್ತಬೇಕಾದರೆ ಖರ್ಚಿಗಿಂತ ಸುಮಾರು ೭,೭೦೦ ಕ್ಯಾಲೊರಿ ಹೆಚ್ಚಾಗಿ ತಿನ್ನಬೇಕು. ತುಪ್ಪ ಸೇರಿ ಒಂದು ಒಬ್ಬಟ್ಟಿಗೆ ೩೦೦ ಕ್ಯಾಲೊರಿ ಎಂದಿಟ್ಟುಕೊಂಡರೆ, ದಿನದ ಊಟವೆಲ್ಲ ಮುಗಿದ ಮೇಲೆ ಇಪ್ಪತ್ತೈದು ಒಬ್ಬಟ್ಟು ತಿಂದಂತಾಯಿತು! ನಮ್ಮ ಅವ್ವ ಎಷ್ಟು ಬಲವಂತ ಮಾಡಿದರೂ ಅದು ಸಾಧ್ಯವಿಲ್ಲ.

ಇನ್ನೊಂದು ಸಂಗತಿ. ಬಹಳ ದಿನ ಪಿಷ್ಟ ಕಡಮೆ ಮಾಡಿದ್ದ ದೇಹವು ಒಮ್ಮೆಲೇ ಬಂದ ಸಕ್ಕರೆಯನ್ನು ಸಂಭಾಳಿಸುವ ಅಭ್ಯಾಸವನ್ನು ತಾತ್ಕಾಲಿಕವಾಗಿ ಕಳೆದುಕೊಂಡಿರುತ್ತದೆ. ಆದುದರಿಂದಲೇ ಗ್ಲೂಕೋಸು ಕುಡಿಸಿ ಮಾಡುವ ಪರೀಕ್ಷೆಗೆ ಮುಂಚೆ ಮೂರು ದಿನ ಮಾಮೂಲಿನಂತೆ ಊಟ ಮಾಡಿರಬೇಕೆಂದು ವೈದ್ಯರು ಹೇಳುವುದು. ಹಬ್ಬದ ಸಂಜೆ ಬೆರಳು ಚುಚ್ಚಿ ನೋಡಿದಾಗ ಅಂಕಿ ತೀರ ಮೇಲಕ್ಕೆ ಹೋಗಿದ್ದರೆ ಅದಕ್ಕೆ ಇದೂ ಒಂದು ಕಾರಣ. ನಾನಾದರೋ ಆ ಅಂಕಿಯನ್ನು ನೋಡಿ, ಆರು ತಿಂಗಳ ಶ್ರಮವೆಲ್ಲ ನೀರುಪಾಲಾಯಿತೆಂದು ಎಣಿಸಿ ಯಂತ್ರವನ್ನೇ ಬೀರುವಿನಲ್ಲಿಟ್ಟುಬಿಟ್ಟೆನು. ವಾಸ್ತವವಾಗಿ ಕೆಂಪು ಕಣದ ಆಯುಸ್ಸು ಸುಮಾರು ೧೨೦ ದಿನ; ಮೂರು ತಿಂಗಳ ಪರೀಕ್ಷೆಯಲ್ಲಿ ಒಂದು ದಿನದ ಒಬ್ಬಟ್ಟು ಕಾಣುವುದೇ ಇಲ್ಲವೆನ್ನಬಹುದು. ಐದು ತಿಂಗಳ ಹಟ ಮಾತ್ರ ಚೆನ್ನಾಗಿ ಕಾಣುತ್ತದೆ. ಸೆಪ್ಟೆಂಬರಿನಲ್ಲಿ ನನ್ನ ಅಂಕಿ ೭.೬, ತೂಕ ೮೧. ಆ ಕಾಗದವನ್ನು ಮನೆಯವರಿಗೆ ತೋರಿಸದೆ ಪುಸ್ತಕವೊಂದರ ನಡುವೆ ಅಡಗಿಸಿಟ್ಟೆನು.

ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ಬಾಗಿಲಲ್ಲಿ ಕಾಲು ತೊಳೆಯುತ್ತಿದ್ದೆನು. ನೀರು ಹಾಕುತ್ತಿದ್ದ ಅವ್ವ ಚೊಂಬನ್ನು ಕೆಳಗಿಟ್ಟು ನನ್ನ ಹಿಮ್ಮಡಿಯನ್ನು ನೋಡಿದಳು. ಹೊಸ ಚಪ್ಪಲಿ ಕಚ್ಚಿ ಮೂರು ವಾರವಾಗಿತ್ತು, ಗಾಯ ಒಣಗಿರಲಿಲ್ಲ, ನೋವಿಲ್ಲವಾದ್ದರಿಂದ ನಾನು ಗಮನ ಕೊಟ್ಟಿರಲಿಲ್ಲ. “ನಿಮ್ಮಪ್ಪಂದೂ ಹಿಂಗೇ ಸುರುವಾಯ್ತು” ಎಂದಳು. ಬೇರೇನೂ ಹೇಳಲಿಲ್ಲ. ರಾತ್ರಿ ಜಗಲಿಯ ಮೇಲೆ ಕುಳಿತಿದ್ದಾಗ ಎಲ್ಲವನ್ನೂ ಅವಳಿಗೆ ಹೇಳಿದೆನು: ಯುಗಾದಿಯ ಮಾತು, ಸೋಮವಾರದ ಮಾತು, ಅಡಗಿಸಿಟ್ಟ ಕಾಗದದ ಮಾತು. ನಮ್ಮ ತಂದೆಯವರೂ ಪ್ರತಿ ಸಲ ಪಥ್ಯ ತಪ್ಪಿದಾಗ ‘ಅಮಾಸೆ ಕಳೀಲಿ’ ಎನ್ನುತ್ತಿದ್ದರಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳು ಕೇಳಿದಳು: “ಒಂದ್ ಸಾಲು ಡೊಂಕಾಯ್ತು ಅಂತ ನೇಗ್ಲು ಬಿಟ್ಟು ಮನೇಗ್ ಬಂದ್ಬುಡ್ತಾರಾ ಮಗ? ಮುಂದ್ಲು ಸಾಲು ನೆಟ್ಗೆ ಹೊಡೀತಾರೆ.”

ನಾನು ಓದಿದ ವಿದ್ವಾಂಸರು ಹೇಳಿದ್ದೆಲ್ಲ ಈ ಮಾತಿನಲ್ಲಿ ಅಡಗಿದೆ. ಊರಿನಿಂದ ಬಂದವನು ಮೊದಲು ವೈದ್ಯರಲ್ಲಿಗೆ ಹೋಗಿ ಗಾಯಕ್ಕೆ ಚಿಕಿತ್ಸೆ ಮಾಡಿಸಿಕೊಂಡೆನು. ಅದು ಒಣಗಲು ಐದು ವಾರ ಹಿಡಿಯಿತು. ಸಕ್ಕರೆ ಕಾಯಿಲೆಯವರು ಕಾಲಿನ ಗಾಯವನ್ನು ಒಂದು ದಿನವೂ ಅಲಕ್ಷ್ಯ ಮಾಡಬಾರದು; ಪಾದವನ್ನು ಪ್ರತಿ ರಾತ್ರಿ ನೋಡಿಕೊಳ್ಳಬೇಕು. ಪಥ್ಯಕ್ಕೆ ಹಿಂದಿರುಗುವಾಗ ನಾನು ಅನುಸರಿಸಿದ ಕ್ರಮವನ್ನು ಈಗ ಹೇಳುತ್ತೇನೆ.

ಮೊದಲನೆಯದಾಗಿ, ಹಿಂದಿರುಗುವ ಮುಹೂರ್ತ ಮುಂದಿನ ಊಟ. ಸೋಮವಾರವೂ ಬೇಡ, ಒಂದನೆಯ ತಾರೀಖೂ ಬೇಡ. ಮಧ್ಯಾಹ್ನ ತಪ್ಪಿದರೆ ರಾತ್ರಿಯ ಊಟ ಮಾಮೂಲು ಪಥ್ಯದ ಊಟವಾಗಬೇಕು.

ಎರಡನೆಯದಾಗಿ, ಪ್ರಾಯಶ್ಚಿತ್ತವಾಗಿ ಉಪವಾಸ ಮಾಡಬಾರದು. ಉಪವಾಸ ಮಾಡಿದವನು ಮಾರನೆಯ ಸಂಜೆ ಹಸಿವಿನಿಂದ ಕಂಗೆಟ್ಟು ಮತ್ತೆ ತಪ್ಪುತ್ತಾನೆ. ಅದಕ್ಕಿಂತ ಮುಖ್ಯವಾದುದೆಂದರೆ, ಇನ್ಸುಲಿನ್ ಚುಚ್ಚಿಕೊಳ್ಳುವವರು ಮತ್ತು ಕೆಲವು ಬಗೆಯ ಮಾತ್ರೆ ನುಂಗುವವರು ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯಕರವಾಗಿ ಕೆಳಗಿಳಿದು ಎಚ್ಚರ ತಪ್ಪಬಹುದು. ಅಂಥವರು ಪಥ್ಯವನ್ನು ಬಿಗಿ ಮಾಡುವುದಕ್ಕೂ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಮೂರನೆಯದಾಗಿ, ಮೊದಲ ಎರಡು ಮೂರು ದಿನ ತಲೆನೋವು, ಸುಸ್ತು ಬರಬಹುದು. ನೀರಿನೊಡನೆ ಉಪ್ಪೂ ದೇಹದಿಂದ ಹೋಗುವುದು ಅದಕ್ಕೆ ಮುಖ್ಯ ಕಾರಣ. ಉಪ್ಪು ಹಾಕಿದ ನೀರು ಮಜ್ಜಿಗೆ ಎರಡು ಲೋಟ ಕುಡಿದರೆ ನನಗೆ ಸಮಾಧಾನವಾಗುತ್ತಿತ್ತು. ರಕ್ತದ ಒತ್ತಡವಿರುವವರು ಉಪ್ಪಿನ ವಿಷಯದಲ್ಲಿ ವೈದ್ಯರ ಮಾತು ಕೇಳಬೇಕು. ಈ ದಿನಗಳಲ್ಲಿ ಸಿಹಿಯ ಆಸೆಯೂ ಬಲವಾಗಿರುತ್ತದೆ. ಹೊಟ್ಟೆ ತುಂಬ ಪಲ್ಯ, ಮೊಟ್ಟೆ, ಮೊಸರು ತಿಂದಿದ್ದರೆ ಅದರ ಉಪಟಳ ಕಡಮೆ.

ನಾಲ್ಕನೆಯದಾಗಿ, ಮಾರನೆಯ ಬೆಳಿಗ್ಗೆ ತಕ್ಕಡಿ ಹತ್ತಬಾರದು. ವಾರ ಕಳೆದ ಮೇಲೆ, ನೀರು ತನ್ನ ದಾರಿ ಹಿಡಿದ ಮೇಲೆ, ನೋಡಿಕೊಳ್ಳುವುದು ಮೇಲು.

ಐದನೆಯದಾಗಿ, ತಪ್ಪಿದ ಸಂದರ್ಭವನ್ನು ಒಂದು ಸಣ್ಣ ಪುಸ್ತಕದಲ್ಲಿ ಬರೆದಿಡಬೇಕು: ಯಾವ ಹೊತ್ತು, ಯಾವ ಜಾಗ, ಹಸಿವಿತ್ತೆ, ದಾಕ್ಷಿಣ್ಯವಿತ್ತೆ. ನನ್ನ ಪುಸ್ತಕವನ್ನು ಓದಿದಾಗ ನನಗೆ ಆಶ್ಚರ್ಯವಾಯಿತು. ಹಬ್ಬಗಳಿಗಿಂತ ಹೆಚ್ಚು ಸಲ ನನ್ನನ್ನು ಕೆಡಿಸಿದ್ದು ಸಂಜೆ ನಾಲ್ಕು ಗಂಟೆಯ ಕ್ಯಾಂಟೀನು. ಈಗ ಮೂರೂವರೆಗೇ ಚೀಲದಲ್ಲಿರುವ ಕಡಲೆಕಾಯಿ ಬೀಜ ತಿನ್ನುತ್ತೇನೆ, ಟೀಗೆ ಸಕ್ಕರೆ ಹಾಕಿಸುವುದಿಲ್ಲ.

ಆರನೆಯದಾಗಿ, ಹಬ್ಬವನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಎಲೆಯ ಮೇಲೆ ಕೋಸಂಬರಿ, ಪಲ್ಯ, ಕಾಳುಗಳನ್ನು ಮೊದಲು ತಿಂದು ಅನ್ನ, ಸಿಹಿಗಳನ್ನು ಕೊನೆಗೆ ಸ್ವಲ್ಪ ತಿಂದರೆ ಸಕ್ಕರೆ ಏರುವುದು ಕಡಮೆಯೆಂದು ಪರೀಕ್ಷೆಗಳಿಂದ ಕಂಡುಬಂದಿದೆ. ಊಟವಾದ ಮೇಲೆ ಹದಿನೈದು ನಿಮಿಷ ನಡೆದರೆ ಮಾಂಸಖಂಡಗಳೇ ರಕ್ತದ ಸಕ್ಕರೆಯಲ್ಲಿ ಒಂದು ಪಾಲನ್ನು ಎಳೆದುಕೊಳ್ಳುತ್ತವೆ.

ಕೊನೆಯದಾಗಿ, ಒಬ್ಬರಿಗಾದರೂ ಹೇಳಬೇಕು. ಐದು ತಿಂಗಳು ಗುಟ್ಟಾಗಿದ್ದ ತಪ್ಪು ಬೆಳೆಯುತ್ತಲೇ ಹೋಯಿತು. ಜಗಲಿಯ ಮೇಲೆ ಬಾಯಿಬಿಟ್ಟು ಹೇಳಿದ ರಾತ್ರಿಯಿಂದ ಅದು ಇಳಿಯತೊಡಗಿತು.

ಈ ಪಥ್ಯ ಎಲ್ಲರಿಗೂ ಬೇಕೆಂದು ನಾನು ವಾದಿಸುವುದಿಲ್ಲ. ಬೆಳೆಯುವ ವಯಸ್ಸಿನ, ಆರೋಗ್ಯವಂತರಾದ ವಿದ್ಯಾರ್ಥಿಗಳಿಗೆ ಇದರ ಗೊಡವೆ ಬೇಡ. ಗರ್ಭಿಣಿಯರು, ಮೂತ್ರಪಿಂಡದ ತೊಂದರೆಯುಳ್ಳವರು ತಾವಾಗಿ ಇದನ್ನು ಹಿಡಿಯಬಾರದು. ತೂಕ ಇಳಿಸುವುದಕ್ಕೆ ಇದೊಂದೇ ದಾರಿಯೂ ಅಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು ೬೦೯ ಮಂದಿಯನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಜಿಡ್ಡು ಕಡಮೆಯ ಊಟ, ಇನ್ನೊಂದಕ್ಕೆ ಪಿಷ್ಟ ಕಡಮೆಯ ಊಟ ಗೊತ್ತು ಮಾಡಿ ಒಂದು ವರ್ಷ ನೋಡಿದರು. ೨೦೧೮ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೊದಲನೆಯ ಪಂಗಡದವರು ಸರಾಸರಿ ೫.೩ ಕಿಲೋ, ಎರಡನೆಯವರು ೬ ಕಿಲೋ ಇಳಿದಿದ್ದರು, ಗಣನೀಯವಾದ ವ್ಯತ್ಯಾಸವಿರಲಿಲ್ಲ. ಯಾವ ದಾರಿಯನ್ನೇ ಹಿಡಿಯಲಿ, ಎಡವಿದ ಮೇಲೂ ಆ ದಾರಿಯಲ್ಲೇ ನಡೆಯುವವನಿಗೆ ಊರು ಸಿಕ್ಕುತ್ತದೆ.

೨೦೨೫ರ ಜನವರಿಯಲ್ಲಿ ನನ್ನ ಅಂಕಿ ೬.೬ಕ್ಕೆ ಇಳಿದಿತ್ತು. ಅದಾದ ಮೇಲೆ ತಪ್ಪಲೇ ಇಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಮದುವೆಯೊಂದರಲ್ಲಿ ಎರಡು ಚಿರೋಟಿ ತಿಂದೆನು. ಅಂದು ರಾತ್ರಿ ಸೊಪ್ಪು ಸಾರು, ಮೊಟ್ಟೆ ತಿಂದು ಮಲಗಿದೆನು. ಸೋಮವಾರಕ್ಕಾಗಿ ಕಾಯಲಿಲ್ಲ. ಆ ವರ್ಷದ ಯುಗಾದಿಗೆ ಅವ್ವ ನನಗೆಂದು ಬೇರೆಯಾಗಿ ಅಂಗೈಯಗಲದ ಒಂದೇ ಒಬ್ಬಟ್ಟು ತಟ್ಟಿದ್ದಳು. ಊಟದ ಕೊನೆಯಲ್ಲಿ ಅದನ್ನು ತಿಂದೆನು. ಇನ್ನೊಂದು ಬೇಕೆಂದು ನಾನು ಕೇಳಲಿಲ್ಲ, ಹಾಕುತ್ತೇನೆಂದು ಅವಳೂ ಹೇಳಲಿಲ್ಲ. ಆಮೇಲೆ ಇಬ್ಬರೂ ನಿಧಾನವಾಗಿ ಹೊಲದ ತನಕ ನಡೆದುಕೊಂಡು ಹೋಗಿ ಬಂದೆವು.

ವಿದ್ಯಾರ್ಥಿಮಿತ್ರರಿಗೆ ಈ ಮಾತು ಊಟಕ್ಕೆ ಮಾತ್ರ ಸಂಬಂಧಿಸಿದ್ದೆಂದು ತೋರಲಿಕ್ಕಿಲ್ಲ. ಓದಿನ ವೇಳಾಪಟ್ಟಿ ಎರಡು ದಿನ ತಪ್ಪಿತೆಂದು ಇಡೀ ತಿಂಗಳನ್ನು ಕೈಬಿಟ್ಟವರು ನಮ್ಮ ತರಗತಿಗಳಲ್ಲಿ ಇದ್ದಾರೆ. ಅವರ ಹೆಸರು ಹೇಳುವ ಹಕ್ಕು ನನಗಿಲ್ಲ, ನಾನೂ ಆ ಪಂಗಡದವನೇ. ನಿಮ್ಮ ಮನೆಯಲ್ಲಿ ತಂದೆಯವರೋ ತಾಯಿಯವರೋ ಪಥ್ಯ ತಪ್ಪಿ ಮುಖ ಸಣ್ಣದು ಮಾಡಿಕೊಂಡು ಕುಳಿತಿದ್ದರೆ ಅವರನ್ನು ಗದರಿಸಬೇಡಿ, ಹಂಗಿಸಬೇಡಿ. ಮುಂದಿನ ಊಟಕ್ಕೆ ಪಲ್ಯ ಹೆಚ್ಚಾಗಿ ಬಡಿಸಿ, ಊಟವಾದ ಮೇಲೆ ಅವರ ಜೊತೆ ನಾಲ್ಕು ಹೆಜ್ಜೆ ನಡೆಯಿರಿ. ಒಂದು ಮನೆಯಲ್ಲಾದರೂ ಹೀಗೆ ನಡೆದರೆ ಇದನ್ನು ಬರೆದದ್ದು ಸಾರ್ಥಕವೆಂದು ತಿಳಿಯುತ್ತೇನೆ.